ಕತ್ತರಿ ಹೇಳುವ ಕಥೆ

ಚಿತ್ರ ಮುಗಿದು ದೀಪ ಹತ್ತಿದೊಡನೆ ಪ್ರೇಕ್ಷಕನು ನಟನ ಅಭಿನಯವನ್ನು ಹೊಗಳುತ್ತಾನೆ. ಹಾಡು ಹಿಡಿಸಿದ್ದರೆ ಅದನ್ನು ಗುನುಗುತ್ತ ಹೊರಬೀಳುತ್ತಾನೆ. ಛಾಯಾಗ್ರಹಣ ಸೊಗಸಾಗಿತ್ತೆಂದು ಮೆಚ್ಚುವ ರಸಿಕರೂ ಉಂಟು. ಆದರೆ 'ಎಷ್ಟು ಚೆನ್ನಾಗಿ ಕತ್ತರಿಸಿದ್ದಾರೆ!' ಎಂದು ಉದ್ಗರಿಸುತ್ತ ಚಿತ್ರಮಂದಿರದಿಂದ ಹೊರಬಂದವರನ್ನು ಕಂಡವರು ವಿರಳ. ಸಂಕಲನಕಾರನ ಹೆಸರು ತೆರೆಯ ಮೇಲೆ ಎರಡು ಕ್ಷಣ ಮೂಡಿ ಮಾಯವಾಗುತ್ತದೆ. ಕೆಲಸ ಚೆನ್ನಾಗಿ ನಡೆದಷ್ಟೂ ಅದು ಕಾಣದಂತಾಗುವುದೇ ಈ ಕಸುಬಿನ ವಿಶೇಷ. ನುರಿತ ಸಿಂಪಿಗ ಹೊಲಿದ ಅಂಗಿಯಲ್ಲಿ ಅಂಗಿ ಕಾಣುತ್ತದೆಯೇ ಹೊರತು ಹೊಲಿಗೆ ಕಾಣುವುದಿಲ್ಲ.

ಹೀಗೆ ಕಣ್ಣಿಗೆ ಬೀಳದೆ ನಡೆಯುವ ಕೆಲಸವೇ ಕಥೆಯ ಲಗಾಮನ್ನು ಹಿಡಿದಿರುತ್ತದೆ. ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ಆಮೇಲೆ, ಯಾರ ಮುಖವನ್ನು ಎಷ್ಟು ಹೊತ್ತು, ಯಾವುದನ್ನು ತೋರಿಸದೆಯೇ ಬಿಡಬೇಕು ಎಂಬ ತೀರ್ಮಾನಗಳೆಲ್ಲ ಸಂಕಲನದ ಮೇಜಿನ ಮೇಲೆ ಆಗುತ್ತವೆ. ಪ್ರೇಕ್ಷಕನು ಯಾರನ್ನು ನಂಬುತ್ತಾನೆ, ಯಾರಿಗಾಗಿ ಮರುಗುತ್ತಾನೆ ಎಂಬುದು ಬಹುಮಟ್ಟಿಗೆ ಅಲ್ಲಿಯೇ ನಿಶ್ಚಯವಾಗುತ್ತದೆ.

ಪಾರಿಜಾತದ ಪಾಠ

ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಕಲ್ಲೋಳಿಯ ಪ್ರೇಕ್ಷಕನಿಗೆ ಈ ವಿದ್ಯೆಯ ಮೊದಲ ಪಾಠ ಸಿನಿಮಾದಿಂದ ಬಂದದ್ದಲ್ಲ. ಅದೇ ಸೀಮೆಯ ಕುಲಗೋಡದ ತಮ್ಮಣ್ಣ ರಂಗರೂಪ ಕೊಟ್ಟು ಬೆಳೆಸಿದ 'ಶ್ರೀಕೃಷ್ಣ ಪಾರಿಜಾತ'ವನ್ನು ಅಲ್ಲಿಯ ಜನ ತಲೆತಲಾಂತರದಿಂದ ರಾತ್ರಿಯಿಡೀ ಎಚ್ಚರವಿದ್ದು ನೋಡಿದವರು. ಕೌಜಲಗಿಯ ನಿಂಗಮ್ಮನ ಹೆಸರು ಈ ಆಟದೊಡನೆ ಬೆಸೆದುಕೊಂಡು ಇಂದಿಗೂ ಉಳಿದಿದೆ. ನಾರದನು ತಂದ ಪಾರಿಜಾತದ ಹೂವು ರುಕ್ಮಿಣಿಯ ಮುಡಿಗೇರುತ್ತದೆ; ಮರುಕ್ಷಣದಲ್ಲಿ ಕಥೆ ಸತ್ಯಭಾಮೆಯ ಮನೆಯಲ್ಲಿರುತ್ತದೆ. ನಡುವೆ ಪರದೆ ಬೀಳುವುದಿಲ್ಲ, ಅರಮನೆ ಬದಲಾಗುವುದಿಲ್ಲ. ಪಾತ್ರಧಾರಿ ರಂಗದ ಮೇಲೆ ಒಂದು ಸುತ್ತು ಬರುತ್ತಾನೆ, ಭಾಗವತನು ಒಂದು ಮಾತು ಕೇಳುತ್ತಾನೆ, ಹಿಮ್ಮೇಳ ಒಂದು ನುಡಿ ಎತ್ತಿಕೊಳ್ಳುತ್ತದೆ. ದ್ವಾರಕೆಯ ಬೀದಿಗಳೆಲ್ಲ ದಾಟಿಹೋದವು. ಕೃಷ್ಣ ಯಾವ ಬಾಗಿಲಿಂದ ಹೊರಟ, ಯಾವ ಓಣಿಯಲ್ಲಿ ಬಂದ ಎಂದು ಯಾರೂ ಕೇಳುವುದಿಲ್ಲ. ಕಥೆಗೆ ಬೇಡವಾದ ದಾರಿಯನ್ನು ಬಿಟ್ಟುಬಿಡುವುದೂ, ಬಿಟ್ಟದ್ದನ್ನು ಪ್ರೇಕ್ಷಕನು ಮನಸ್ಸಿನಲ್ಲಿಯೇ ತುಂಬಿಕೊಳ್ಳುವನೆಂದು ನಂಬುವುದೂ ಸಂಕಲನ ಕಲೆಯ ತಾಯಿಬೇರು.

ಕಲ್ಲೋಳಿಗೆ ದೂರವಲ್ಲದ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟದ ಈ ಹದವನ್ನು ಆಧುನಿಕ ನಾಟಕಕ್ಕೆ ತಂದವರು. ಅವರು ಮುಂದೆ 'ಕರಿಮಾಯಿ', 'ಕಾಡುಕುದುರೆ', 'ಸಂಗೀತ' ಎಂಬ ಚಲನಚಿತ್ರಗಳನ್ನೂ ನಿರ್ದೇಶಿಸಿದರು. ಬಯಲಾಟದಿಂದ ಬೆಳ್ಳಿತೆರೆಗೆ ಘಟಪ್ರಭೆಯ ದಂಡೆಯಿಂದ ಒಂದು ಕಾಲುದಾರಿ ಇದೆಯೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಆದರೂ ಆಟಕ್ಕೂ ಚಿತ್ರಕ್ಕೂ ಒಂದು ಮುಖ್ಯ ಭೇದವುಂಟು. ಆಟ ನೋಡುವವನು ಕಂಬಳಿ ಹಾಸಿ ಕುಳಿತ ಜಾಗದಿಂದ ಕದಲುವುದಿಲ್ಲ. ಸತ್ಯಭಾಮೆಯ ಕಣ್ಣಂಚಿನ ನೀರು ಮುಂದಿನ ಸಾಲಿನವನಿಗೆ ಮಾತ್ರ ಕಂಡೀತು. ಚಲನಚಿತ್ರವಾದರೋ ಪ್ರೇಕ್ಷಕನನ್ನು ಕುಳಿತಲ್ಲಿಂದಲೇ ಎತ್ತಿ ಒಮ್ಮೆ ಬೆಟ್ಟದ ತುದಿಯಲ್ಲಿ, ಒಮ್ಮೆ ನಾಯಕಿಯ ಕೆನ್ನೆಯ ಬಳಿಯಲ್ಲಿ ಇಡುತ್ತದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆ ಕಂಡಿತು. ಅದರ ಚಿತ್ರೀಕರಣ ನಡೆದದ್ದು ಗೋಕಾಕ ಸೀಮೆಯ ಜನ ಸಂತೆ-ವ್ಯಾಪಾರಕ್ಕೆ ಹೋಗಿಬರುವಷ್ಟು ಹತ್ತಿರದ ಕೊಲ್ಲಾಪುರದ ಸ್ಟುಡಿಯೋದಲ್ಲಿ. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯಲ್ಲಿ ಪಳಗಿದವರು. ನಾಟಕವನ್ನು ಕ್ಯಾಮೆರಾದ ಮುಂದೆ ಆಡುವುದರಿಂದ ಮೊದಲಾದ ಕನ್ನಡ ಚಿತ್ರಕಲೆ, ಕ್ಯಾಮೆರಾವನ್ನೂ ಕತ್ತರಿಯನ್ನೂ ಪಾತ್ರಧಾರಿಯಂತೆ ದುಡಿಸಿಕೊಳ್ಳುವ ಮಟ್ಟಕ್ಕೆ ಏರಲು ಕೆಲವು ದಶಕಗಳೇ ಹಿಡಿದವು.

ಅಡಿ ಲೆಕ್ಕದ ಕಥೆ

ಫಿಲ್ಮಿನ ಕಾಲದಲ್ಲಿ ಸಂಕಲನವೆಂಬುದು ಅಕ್ಷರಶಃ ಕತ್ತರಿಯ ಕೆಲಸವಾಗಿತ್ತು. ವಾಕ್ಚಿತ್ರದಲ್ಲಿ ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, 24 ಸ್ಥಿರಚಿತ್ರಗಳು ಕಣ್ಣ ಮುಂದೆ ಹಾದುಹೋಗುತ್ತವೆ. 35 ಮಿಲಿಮೀಟರ್ ಅಗಲದ ಫಿಲ್ಮಿನ ಒಂದು ಅಡಿಯಲ್ಲಿ ಇಂಥ 16 ಚಿತ್ರಗಳಿರುತ್ತವೆ. ಆದ್ದರಿಂದ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ ಫಿಲ್ಮು. ಚಿತ್ರೀಕರಣದಲ್ಲಿ ತೆಗೆದದ್ದು ಇದರ ಹಲವು ಪಟ್ಟು ಇರುತ್ತಿತ್ತು. ಸಂಕಲನಕಾರನು ಆ ರಾಶಿಯನ್ನೆಲ್ಲ ತುಂಡು ತುಂಡಾಗಿ ಗೂಟಗಳಿಗೆ ತೂಗುಹಾಕಿ, 1924ರಲ್ಲಿ ಬಳಕೆಗೆ ಬಂದ ಮೂವಿಯೋಲದಂಥ ಯಂತ್ರದಲ್ಲಿ ಹಿಂದೆ ಮುಂದೆ ಓಡಿಸಿ ನೋಡಿ, ಬೇಕಾದುದನ್ನು ಕತ್ತರಿಸಿ ಅಂಟಿಸುತ್ತಿದ್ದನು. ಗಣಕಯಂತ್ರ ಬಂದ ಮೇಲೆ ಗೂಟ, ಅಂಟು, ಕತ್ತರಿ ಮೂರೂ ಮರೆಯಾದವು. 1996ರ 'ದಿ ಇಂಗ್ಲಿಷ್ ಪೇಷೆಂಟ್' ಚಿತ್ರವನ್ನು ಗಣಕದಲ್ಲಿ ಸಂಕಲಿಸಿದ ವಾಲ್ಟರ್ ಮರ್ಚ್‌ಗೆ ಆಸ್ಕರ್ ದೊರೆತಾಗ ಹಳೆಯ ಮೇಜಿನ ಕಾಲ ಮುಗಿಯಿತೆಂಬುದು ಲೋಕಕ್ಕೇ ತಿಳಿಯಿತು. ಆದರೆ ಎಲ್ಲಿ ಕತ್ತರಿಸಬೇಕೆಂಬ ಪ್ರಶ್ನೆಯನ್ನು ಯಾವ ಯಂತ್ರವೂ ಬಗೆಹರಿಸಿಲ್ಲ.

ಕಲ್ಲೋಳಿಯ ಕಬ್ಬಿನ ರೈತನು ಈ ಪ್ರಶ್ನೆಗೆ ತನ್ನ ರೀತಿಯಲ್ಲಿ ಉತ್ತರ ಬಲ್ಲನು. ಬಿತ್ತನೆಗೆ ಕಬ್ಬನ್ನು ತುಂಡರಿಸುವಾಗ ಅವನು ಅಳತೆಗೋಲು ಹಿಡಿಯುವುದಿಲ್ಲ, ಕಣ್ಣು ನೋಡುತ್ತಾನೆ. ಪ್ರತಿಯೊಂದು ತುಂಡಿನಲ್ಲೂ ಜೀವವಿರುವ ಕಣ್ಣು ಉಳಿಯಬೇಕು; ಕಣ್ಣಿಗೆ ಏಟು ಬಿದ್ದರೆ ತುಂಡು ಎಷ್ಟು ಉದ್ದವಿದ್ದರೂ ಮಣ್ಣಿನಲ್ಲಿ ಕೊಳೆಯುವುದೇ ಸರಿ. ಚಿತ್ರದ ತುಂಡಿಗೂ ಇದೇ ನ್ಯಾಯ. ಮುಂದಿನ ತುಂಡಿಗೆ ಮೊಳಕೆಯೊಡೆಯಬಲ್ಲ ಒಂದು ಪ್ರಶ್ನೆ, ಒಂದು ನೋಟ, ಒಂದು ಚಲನೆ ಅದರ ಕೊನೆಯಲ್ಲಿ ಉಳಿದಿರುವಂತೆ ಕತ್ತರಿಸಬೇಕು.

ಎರಡು ತುಂಡು, ಮೂರನೆಯ ಅರ್ಥ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಕಲ್ಲೋಳಿಯ ಒಂದು ಮನೆಯ ಹೊಸ್ತಿಲಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ನಿಂತು ಬೀದಿಯ ಕಡೆ ನೋಡುತ್ತಿದ್ದಾಳೆ. ಮುಖದಲ್ಲಿ ಅಳುವೂ ಇಲ್ಲ, ನಗುವೂ ಇಲ್ಲ. ಈ ತುಂಡಿನ ಹಿಂದೆಯೇ ಸಂಜೆಗತ್ತಲಿನ ಬರಿದಾದ ರಸ್ತೆಯನ್ನು ತೋರಿಸಿದರೆ, ಹೊತ್ತಾದರೂ ಗಂಡ ಬರಲಿಲ್ಲವೆಂದು ಕಾಯುತ್ತಿದ್ದಾಳೆ ಎನಿಸುತ್ತದೆ. ರಸ್ತೆಯ ಬದಲಿಗೆ ಸಕ್ಕರೆ ಕಾರ್ಖಾನೆಯ ಹೊಗೆಗೊಳವೆಯನ್ನು ತೋರಿಸಿದರೆ, ಕಬ್ಬಿನ ಹಣ ಇನ್ನೂ ಕೈಸೇರಿಲ್ಲವೆಂಬ ಚಿಂತೆ ಅದೇ ಮುಖದಲ್ಲಿ ಕಾಣುತ್ತದೆ. ಸಮವಸ್ತ್ರ ತೊಟ್ಟು ಸೈಕಲ್ಲಿನಲ್ಲಿ ಶಾಲೆಗೆ ಹೊರಟ ಹುಡುಗಿಯನ್ನು ತೋರಿಸಿದರೆ, ತಾನು ಕಲಿಯದ ಅಕ್ಷರ ಮಗಳಿಗೆ ದಕ್ಕಿತೆಂಬ ಹೆಮ್ಮೆ ಮೂಡುತ್ತದೆ. ಮುಖ ಒಂದೇ, ಕಾತರ, ಚಿಂತೆ, ಹೆಮ್ಮೆ ಮೂರೂ ಬಂದದ್ದು ಎರಡು ತುಂಡುಗಳ ನಡುವಿನ ಸಂದಿನಿಂದ.

ರಷ್ಯಾದ ಲೆವ್ ಕುಲೆಶೋವ್ ಎಂಬ ನಿರ್ದೇಶಕನು 1920ರ ಸುಮಾರಿನಲ್ಲಿ ಮೊಝುಖಿನ್ ಎಂಬ ನಟನ ಮುಖವನ್ನು ಬಳಸಿ ಇದನ್ನೇ ಪ್ರಯೋಗಮಾಡಿ ತೋರಿಸಿದನು. ಒಂದು ಬಟ್ಟಲು ಸಾರು, ಶವಪೆಟ್ಟಿಗೆ, ಒಬ್ಬ ತರುಣಿ ಇವುಗಳ ಪಕ್ಕಕ್ಕೆ ಒಂದೇ ನಿರ್ವಿಕಾರ ಮುಖವನ್ನು ಜೋಡಿಸಿದಾಗ ನೋಡಿದವರಿಗೆ ಅದರಲ್ಲಿ ಹಸಿವೆ, ದುಃಖ, ಆಸೆಗಳು ಬೇರೆಬೇರೆಯಾಗಿ ಕಂಡವು. ಆತನ ಸಮಕಾಲೀನನಾದ ಐಸೆನ್‌ಸ್ಟೈನನು 1925ರ 'ಬ್ಯಾಟಲ್‌ಷಿಪ್ ಪೊಟೆಮ್ಕಿನ್' ಚಿತ್ರದಲ್ಲಿ ಈ ತತ್ತ್ವವನ್ನು ಹಿಗ್ಗಿಸಿ, ಮೆಟ್ಟಿಲುಗಳ ಮೇಲೆ ಇಳಿದುಬರುವ ಸೈನಿಕರ ಬೂಟು, ಓಡುವ ಜನ, ಕೈತಪ್ಪಿ ಉರುಳುವ ಮಗುವಿನ ಗಾಡಿ ಇವುಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಯುವಂತೆ ಜೋಡಿಸಿದನು. ಮೊಂಟಾಜ್ ಎಂಬ ಹೆಸರು ಲೋಕಪ್ರಸಿದ್ಧವಾದದ್ದು ಈ ಬಗೆಯ ಜೋಡಣೆಯಿಂದ.

ಕಾಣದ ಹೊಲಿಗೆ

ದಿನನಿತ್ಯದ ಚಿತ್ರಗಳಲ್ಲಿ ಇಂಥ ಡಿಕ್ಕಿಗಿಂತ ಹೆಚ್ಚಾಗಿ ಬಳಕೆಯಾಗುವುದು ನಯವಾದ ಹೊಲಿಗೆ. ಒಬ್ಬನು ಕುರ್ಚಿಯಿಂದ ಏಳುವುದು ದೂರದ ತುಂಡಿನಲ್ಲಿ ಮೊದಲಾಗಿ ಹತ್ತಿರದ ತುಂಡಿನಲ್ಲಿ ಮುಗಿದರೆ, ಕಣ್ಣು ಚಲನೆಯನ್ನು ಹಿಂಬಾಲಿಸುತ್ತದೆಯೇ ವಿನಾ ಸಂದನ್ನು ಗಮನಿಸುವುದಿಲ್ಲ. ಇಬ್ಬರು ಮಾತನಾಡುವಾಗ ಒಬ್ಬನು ಎಡಕ್ಕೂ ಇನ್ನೊಬ್ಬನು ಬಲಕ್ಕೂ ನೋಡುತ್ತಿರಬೇಕು; ಇಬ್ಬರೂ ಒಂದೇ ಕಡೆ ನೋಡಿದರೆ ಮೂರನೆಯವನೊಡನೆ ಮಾತನಾಡಿದಂತಾಗುತ್ತದೆ. ಕಲ್ಲೋಳಿಯಿಂದ ಘಟಪ್ರಭಾ ರೈಲು ನಿಲ್ದಾಣಕ್ಕೆ ಹೊರಟ ಚಕ್ಕಡಿ ತೆರೆಯ ಮೇಲೆ ಎಡದಿಂದ ಬಲಕ್ಕೆ ಸಾಗುತ್ತಿದ್ದರೆ ಮುಂದಿನ ತುಂಡಿನಲ್ಲೂ ಅದೇ ದಿಕ್ಕಿಗೆ ಸಾಗಬೇಕು. ತಪ್ಪಿ ಬಲದಿಂದ ಎಡಕ್ಕೆ ತೋರಿಸಿದರೆ, ಏನೋ ಮರೆತು ಮನೆಗೆ ತಿರುಗಿದರೆಂದು ಪ್ರೇಕ್ಷಕನು ತಿಳಿಯುತ್ತಾನೆ. ಇದಕ್ಕಾಗಿ ಚಿತ್ರೀಕರಣದವರು ನೆಲದ ಮೇಲೆ ಕಾಣದ ಗೆರೆಯೊಂದನ್ನು ಎಳೆದುಕೊಂಡು ಕ್ಯಾಮೆರಾ ಅದರ ಒಂದೇ ಮಗ್ಗುಲಲ್ಲಿ ಇರುವಂತೆ ನೋಡಿಕೊಳ್ಳುತ್ತಾರೆ.

ಕಾಲವನ್ನು ಕುಗ್ಗಿಸುವುದಕ್ಕೂ ಕ್ರಮಗಳುಂಟು. ಕಬ್ಬು ನಾಟಿಯಾಗಿ ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ತೆರೆಯ ಮೇಲೆ ನಾಟಿಯ ಸಾಲು ಕರಗಿ ಮೊಣಕಾಲೆತ್ತರದ ಪೈರಾಗಿ, ಅದು ಕರಗಿ ಸೂಲಂಗಿ ಬಿಟ್ಟ ಹೊಲವಾದರೆ, ಅರೆ ನಿಮಿಷದಲ್ಲಿ ವರ್ಷ ಉರುಳುತ್ತದೆ. ಒಂದು ಚಿತ್ರ ಇನ್ನೊಂದರಲ್ಲಿ ಕರಗುವ ಈ ರೀತಿಗೆ ಡಿಸಾಲ್ವ್ ಎನ್ನುತ್ತಾರೆ. ತೆರೆ ಮೆಲ್ಲಗೆ ಕಪ್ಪಾಗುವುದು ಫೇಡ್ ಔಟ್. ಅದು ಅಧ್ಯಾಯ ಮುಗಿದುದರ ಗುರುತು, ಧಾರಾವಾಹಿಯ ಕೊನೆಯಲ್ಲಿ ಬರುವ 'ಮುಂದಿನ ವಾರಕ್ಕೆ' ಎಂಬ ಮಾತಿನಂತೆ. ಹೊಸ ಚಿತ್ರ ಹಳೆಯದನ್ನು ಪಕ್ಕಕ್ಕೆ ಒರೆಸುತ್ತ ಬರುವುದು ವೈಪ್. ಜಪಾನಿನ ಕುರೊಸಾವಾ ಇದನ್ನು ಬಹಳ ಪ್ರೀತಿಯಿಂದ ಬಳಸಿದನು.

ಕಿವಿಗೂ ಒಂದು ಹೊಲಿಗೆಯಿದೆ. ಹೊಸ್ತಿಲಲ್ಲಿ ನಿಂತ ಆ ಹೆಣ್ಣುಮಗಳ ಮುಖ ಇನ್ನೂ ತೆರೆಯ ಮೇಲಿರುವಾಗಲೇ ಗಿರಣಿಯ ಭೋಂಗಾ ಕೇಳಿಸಿ, ಆಮೇಲೆ ಗಿರಣಿಯ ಬಾಗಿಲಿಂದ ಹೊರಬರುವ ಜನ ಕಾಣಿಸಿದರೆ, ಅವಳ ಯೋಚನೆಯೇ ಮುಂದಾಗಿ ಅಲ್ಲಿಗೆ ಹೋದಂತಾಗುತ್ತದೆ. ಇದಕ್ಕೆ ಪ್ರತಿಯಾಗಿ, ಮಾತನಾಡುವವನ ದನಿ ನಡೆಯುತ್ತಿರುವಾಗಲೇ ಕೇಳುವವನ ಮುಖಕ್ಕೆ ಹೊರಳಿದರೆ, ಆ ಮಾತು ಯಾರನ್ನು ತಾಗಿತೆಂಬುದು ತಿಳಿಯುತ್ತದೆ. ಒಳ್ಳೆಯ ಸಂಕಲನಕಾರನು ಎಷ್ಟೋ ಸಲ ಹೇಳುವವನಿಗಿಂತ ಕೇಳುವವನನ್ನೇ ಹೆಚ್ಚು ತೋರಿಸುತ್ತಾನೆ.

ಒನಕೆಯ ಏಟೂ ಬಾಲಕನ ನೋಟವೂ

ಎರಡು ಕಡೆ ಏಕಕಾಲದಲ್ಲಿ ನಡೆಯುವುದನ್ನು ಬಾರಿಬಾರಿಗೂ ಅದಲುಬದಲಾಗಿ ತೋರಿಸುವ ಕ್ರಮವನ್ನು ಅಮೆರಿಕದ ಗ್ರಿಫಿತ್ ಮೊದಲಾದವರು ಮೂಕಚಿತ್ರದ ಕಾಲದಲ್ಲಿಯೇ ಬೆಳೆಸಿದರು. ಕನ್ನಡದಲ್ಲಿ ಇದರ ರುಚಿ ತಿಳಿಯಲು 1972ರ 'ನಾಗರಹಾವು' ಚಿತ್ರದ ಓಬವ್ವನ ಪ್ರಸಂಗವನ್ನು ನೆನೆದರೆ ಸಾಕು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದು ಕಥೆಯಾಗಿ ಹೆಣೆದ ಪುಟ್ಟಣ್ಣ ಕಣಗಾಲರು, ರಾಮಾಚಾರಿಯ ಕಾಲದಿಂದ ಪ್ರೇಕ್ಷಕನನ್ನು ದುರ್ಗದ ಹಳೆಯ ಕಾಲಕ್ಕೆ ಕೊಂಡೊಯ್ಯುತ್ತಾರೆ. ಇತ್ತ ಬಂಡೆಯ ಕಿಂಡಿಯಿಂದ ತೂರಿಬರುವ ಶತ್ರು. ಅತ್ತ ಒನಕೆ ಎತ್ತಿ ನಿಂತ ಹೆಣ್ಣುಮಗಳು. ಕಿಂಡಿ, ಒನಕೆ, ಮತ್ತೆ ಕಿಂಡಿ. ಹೀಗೆ ಮರಳಿ ಮರಳಿ ಬರುವ ತುಂಡುಗಳಿಂದಲೇ ಒಬ್ಬಳ ಧೈರ್ಯ ಒಂದು ಸೇನೆಗೆ ಸಾಟಿಯಾಗಿ ಬೆಳೆಯುತ್ತದೆ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ದೂರದಿಂದ ತೋರಿಸಿದ್ದರೆ ಅದು ಬರಿಯ ಹೊಡೆದಾಟವಾಗಿ ಉಳಿಯುತ್ತಿತ್ತು.

ಕತ್ತರಿಯ ಚಮತ್ಕಾರದಲ್ಲಿ ಕಾಣದುದೂ ಕಂಡಂತಾಗುವುದುಂಟು. ಹಿಚ್‌ಕಾಕನ 'ಸೈಕೋ' (1960) ಚಿತ್ರದ ಸ್ನಾನಗೃಹದ ಕೊಲೆ ಮುಕ್ಕಾಲು ನಿಮಿಷದಷ್ಟರದು. ಅದರಲ್ಲಿ 50ಕ್ಕೂ ಹೆಚ್ಚು ಕಡಿತಗಳಿವೆ. ಚೂರಿ ಮೈಯಲ್ಲಿ ಇಳಿದುದನ್ನು ತಾನು ಕಣ್ಣಾರೆ ಕಂಡೆನೆಂದು ಪ್ರೇಕ್ಷಕನು ಆಣೆಯಿಟ್ಟು ಹೇಳಿಯಾನು. ಅವನು ಕಂಡದ್ದು ಎತ್ತಿದ ಕೈ, ತೆರೆದ ಬಾಯಿ, ಹರಿಯುವ ನೀರು. ಉಳಿದುದನ್ನು ಅವನ ಮನಸ್ಸೇ ಪೂರೈಸಿತು.

ತುಂಡುಗಳು ಚಿಕ್ಕವಾದಷ್ಟೂ ಎದೆಬಡಿತ ಏರುತ್ತದೆ. ಉದ್ದವಾದಷ್ಟೂ ಮನಸ್ಸು ಒಳಕ್ಕೆ ಇಳಿಯುತ್ತದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಈ ಎರಡನೆಯ ಬಗೆಯದು. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಚಿತ್ರ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲ ಪಡೆಯಿತು. ವೇದ ಕಲಿಯಲು ಬಂದ ನಾಣಿ ಎಂಬ ಹುಡುಗನ ಕಣ್ಣಿನಿಂದ ವಿಧವೆ ಯಮುನಕ್ಕನ ಬಾಳು ಕಾಣುತ್ತದೆ. ಹುಡುಗ ನೋಡುತ್ತಾನೆ, ಅವನು ಕಂಡುದು ತೆರೆಗೆ ಬರುತ್ತದೆ, ಮತ್ತೆ ಹುಡುಗನ ಮುಖ. ಅವನಿಗೆ ಅರ್ಥವಾಗದಿದ್ದುದು ಪ್ರೇಕ್ಷಕನಿಗೆ ಅರ್ಥವಾಗುತ್ತದೆ, ಮತ್ತು ಆ ಅಂತರವೇ ಕರುಳನ್ನು ಹಿಂಡುತ್ತದೆ. ಅವಸರದ ಕೈ ಎಲ್ಲಿ ಕತ್ತರಿಸುತ್ತಿತ್ತೋ ಅಲ್ಲಿ ಈ ಚಿತ್ರ ತಡೆದು ನಿಲ್ಲುತ್ತದೆ. ಕತ್ತರಿಸದೆ ಇರುವುದೂ ಸಂಕಲನದ ಒಂದು ತೀರ್ಮಾನವೇ.

ಕಾಲದ ಸರಪಳಿಯನ್ನು ಬಿಚ್ಚಿ ಬೇರೆ ರೀತಿ ಜೋಡಿಸುವುದು ಇನ್ನೊಂದು ವಿದ್ಯೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ 'ಶರಪಂಜರ'ದಲ್ಲಿ (1971) ಕಾವೇರಿಯ ಹಳೆಯ ಗಾಯ ಅವಳ ಇಂದಿನ ಸಂಸಾರದೊಳಕ್ಕೆ ನುಗ್ಗಿ ಬರುತ್ತದೆ. ನೆನಪು ಅಲ್ಲಿ ಕಳೆದುಹೋದ ಸಂಗತಿಯಾಗಿ ಉಳಿಯದೆ ಎದುರಿಗೆ ನಿಂತ ಶತ್ರುವಾಗುತ್ತದೆ. ಉಪೇಂದ್ರರ 'ಎ' (1998) ಕಥೆಯನ್ನು ಹಿಂದುಮುಂದಾಗಿ ಹೇಳಿಯೂ ಜನರನ್ನು ಗೆದ್ದಿತು. ಮಲ್ಪೆಯ ಹಿನ್ನೆಲೆಯ 'ಉಳಿದವರು ಕಂಡಂತೆ' (2014) ಒಂದು ಘಟನೆಯನ್ನು ಹಲವರ ದೃಷ್ಟಿಯಿಂದ ಬಿಡಿಸಿತು. ಕುರೊಸಾವಾ 1950ರ 'ರಶೋಮಾನ್' ಚಿತ್ರದಲ್ಲಿ ತುಳಿದ ದಾರಿ ಅದು. ಯಾರ ತುಂಡು ಮೊದಲು ಬರುತ್ತದೆಯೋ ಅವನ ಮಾತೇ ನಿಜವೆನಿಸುವುದು ಮನುಷ್ಯಸ್ವಭಾವ. ಈ ಬಗೆಯ ಚಿತ್ರಗಳು ಆ ಸ್ವಭಾವವನ್ನೇ ಪರೀಕ್ಷೆಗೆ ಒಡ್ಡುತ್ತವೆ.

ಟೂರಿಂಗ್ ಟಾಕೀಸಿನ ಜಿಗಿತ

ಹಳ್ಳಿಗಳಿಗೆ ಡೇರೆ ಹೊತ್ತು ಬರುತ್ತಿದ್ದ ಟೂರಿಂಗ್ ಟಾಕೀಸುಗಳ ಕಾಲದವರಿಗೆ ಇನ್ನೊಂದು ಸಂಕಲನವೂ ಪರಿಚಿತ. ಊರೂರು ತಿರುಗಿ ಸವೆದ ಪ್ರತಿ ನಡುವೆ ಪಟ್ಟೆಂದು ತುಂಡಾಗುವುದು, ತೆರೆ ಬೆಳ್ಳಗಾಗುವುದು, ಮುಂದೆ ಕುಳಿತವರ ಸಿಳ್ಳೆ ಮೊಳಗುವುದು. ಆಪರೇಟರನು ಹರಿದ ತುದಿಗಳನ್ನು ಒಪ್ಪವಾಗಿ ಕತ್ತರಿಸಿ ಅಂಟಿಸಿ ಮತ್ತೆ ಓಡಿಸುವನು. ಆಗ ಬಾಗಿಲಲ್ಲಿದ್ದ ನಾಯಕ ಕಣ್ಣೆವೆಯಿಕ್ಕುವಷ್ಟರಲ್ಲಿ ಮಂಚದ ಮೇಲಿರುತ್ತಿದ್ದ. ಜನ ನಗುತ್ತಿದ್ದರು, ಆದರೆ ಕಥೆಯ ಎಳೆ ತಪ್ಪುತ್ತಿರಲಿಲ್ಲ. ಫ್ರಾನ್ಸಿನ ಗೊದಾರ್ 1960ರಲ್ಲಿ ತೆರೆ ಕಂಡ ತನ್ನ 'ಬ್ರೆತ್‌ಲೆಸ್' ಚಿತ್ರದಲ್ಲಿ ಇಂಥ ಜಿಗಿತಗಳನ್ನು ಬೇಕೆಂದೇ ಉಳಿಸಿಕೊಂಡಾಗ ಅದು ಜಂಪ್ ಕಟ್ ಎಂಬ ಹೊಸ ಶೈಲಿಯೆನಿಸಿತು. ಡೇರೆಯಲ್ಲಿ ಅಪಘಾತವಾಗಿದ್ದುದು ಅಲ್ಲಿ ಅಭಿಪ್ರಾಯವಾಯಿತು. ಹುಡುಗರು ಇಂದು ಫೋನಿನಲ್ಲಿ ನೋಡುವ ಚಿಕ್ಕ ಚಿತ್ರಗಳಲ್ಲಿ ಮಾತುಗಾರನ ತಲೆ ಅತ್ತಿತ್ತ ನೆಗೆಯುವುದೂ ಇದೇ ಜಿಗಿತ. ಉಸಿರು, ತಡವರಿಕೆ, ಯೋಚನೆ ಎಲ್ಲವನ್ನೂ ಅಲ್ಲಿ ಕತ್ತರಿಸಲಾಗಿರುತ್ತದೆ.

ಮೂರನೆಯದೊಂದು ಕತ್ತರಿಯೂ ಉಂಟು, ಅದು ಸೆನ್ಸಾರಿನದು. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ 'ಸಂಸ್ಕಾರ'ಕ್ಕೆ (1970) ಸೆನ್ಸಾರ್ ಮಂಡಳಿ ಮೊದಲು ಪ್ರದರ್ಶನದ ಅನುಮತಿಯನ್ನೇ ನಿರಾಕರಿಸಿತು. ಆಮೇಲೆ ಬಿಡುಗಡೆಯಾದ ಅದೇ ಚಿತ್ರ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಗಳಿಸಿತು. ಸಂಕಲನಕಾರನು ಹೇಳಬೇಕಾಗಿಲ್ಲದ್ದನ್ನು ತೆಗೆಯುತ್ತಾನೆ. ಸೆನ್ಸಾರು ಹೇಳಬಾರದೆಂದು ತನಗೆ ತೋರಿದ್ದನ್ನು ತೆಗೆಯುತ್ತದೆ. ಸಂಕಲನಕಾರನ ಕತ್ತರಿಯ ಹಿಂದೆ ಪ್ರೇಕ್ಷಕನ ಬುದ್ಧಿಯಲ್ಲಿ ನಂಬಿಕೆಯಿದೆ, ಸೆನ್ಸಾರಿನ ಕತ್ತರಿಯ ಹಿಂದೆ ಅದರ ಬಗ್ಗೆ ಅಂಜಿಕೆಯಿದೆ.

ಅಂಗೈಯೊಳಗಿನ ಕತ್ತರಿ

ಈ ಎಲ್ಲ ವಿದ್ಯೆ ಒಂದು ಕಾಲಕ್ಕೆ ಮದರಾಸು, ಮುಂಬಯಿ, ಬೆಂಗಳೂರುಗಳ ಸ್ಟುಡಿಯೋಗಳ ಒಳಗೆ ಕೆಲವರ ಸೊತ್ತಾಗಿತ್ತು. ಮಣಿರತ್ನಂ ಅವರ 'ಬಾಂಬೆ' (1995) ಚಿತ್ರದ ಸಂಕಲನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಸುರೇಶ್ ಅರಸ್ ಅವರಂಥ ಕನ್ನಡಿಗರು ಆ ದಾರಿಯಲ್ಲಿ ದೀರ್ಘಕಾಲ ದುಡಿದು ಮೇಲೆ ಬಂದವರು. 2022ರ 'ಕೆಜಿಎಫ್: ಚಾಪ್ಟರ್ 2' ಬೇರೊಂದು ಸಂಗತಿಯನ್ನು ಹೇಳಿತು. ದೇಶವೆಲ್ಲ ನೋಡಿದ ಆ ಚಿತ್ರವನ್ನು ಸಂಕಲಿಸಿದವನು ಇಪ್ಪತ್ತರ ಆಸುಪಾಸಿನ ಕಲಬುರಗಿಯ ತರುಣ, ಉಜ್ವಲ್ ಕುಲಕರ್ಣಿ. ಹೊಡೆತದ ನಡುನಡುವೆ ತೆರೆಯನ್ನು ಕ್ಷಣಕಾಲ ಕಪ್ಪಾಗಿಸಿ ರಭಸ ಹೆಚ್ಚಿಸುವ ರೀತಿ ಆ ಚಿತ್ರದ ಮೂಲಕ ಮನೆಮಾತಾಯಿತು. ಉತ್ತರದ ಊರುಗಳ ಹುಡುಗರಿಗೆ ಈ ವಿದ್ಯೆ ಎಟುಕದ ಹಣ್ಣಲ್ಲವೆಂಬುದು ಅಂದೇ ಖಾತ್ರಿಯಾಯಿತು.

ಇಂದು ಕಲ್ಲೋಳಿಯಲ್ಲಿಯೂ ಕತ್ತರಿ ಅಂಗೈಯೊಳಗೇ ಇದೆ. ಹಣಮಂತ ದೇವರ ಜಾತ್ರೆಯನ್ನೋ ಮದುವೆಯ ಮೆರವಣಿಗೆಯನ್ನೋ ಫೋನಿನಲ್ಲಿ ಹಿಡಿದ ಹುಡುಗ ಮನೆ ಸೇರುವ ಮೊದಲೇ ಅದನ್ನು ಕತ್ತರಿಸಿ, ಹಾಡು ಜೋಡಿಸಿ, ನೂರು ಮಂದಿಗೆ ಕಳುಹಿಸಬಲ್ಲ. ಇದು ಸಂತೋಷದ ವಿಷಯ. ಆದರೆ ಹೊಸ್ತಿಲಲ್ಲಿ ನಿಂತ ಹೆಣ್ಣುಮಗಳ ಉದಾಹರಣೆ ಇಲ್ಲಿ ಮತ್ತೆ ನೆನಪಿಗೆ ಬರಬೇಕು. ಒಂದೇ ಮುಖಕ್ಕೆ ಮೂರು ಅರ್ಥ ಕಟ್ಟಬಲ್ಲ ಕತ್ತರಿ, ಇಲ್ಲದ ಅರ್ಥವನ್ನೂ ಕಟ್ಟಬಲ್ಲುದು.

ಕನ್ನಡ ಭಾಷೆಯ ಜಾಯಮಾನದಿಂದ ಈ ಅಪಾಯ ಇನ್ನಷ್ಟು ಹತ್ತಿರದ್ದು. ಕನ್ನಡದಲ್ಲಿ ಹೌದು-ಅಲ್ಲಗಳ ನಿರ್ಧಾರ ವಾಕ್ಯದ ತುದಿಯಲ್ಲಿರುತ್ತದೆ. 'ಕಾಲುವೆಗೆ ನೀರು ಬಿಡುವುದಿಲ್ಲ ಎಂದು ಯಾರೂ ಹೇಳಿಲ್ಲ' ಎ೦ದು ಒಬ್ಬ ಅಧಿಕಾರಿ ಸಭೆಯಲ್ಲಿ ನುಡಿದನೆಂದು ಇಟ್ಟುಕೊಂಡರೆ, 'ಬಿಡುವುದಿಲ್ಲ' ಎಂಬಲ್ಲಿ ಕತ್ತರಿ ಬಿದ್ದೊಡನೆ ಮಾತು ತಲೆಕೆಳಗಾಗುತ್ತದೆ. ಅವನ ಬಾಯಿಂದ ಬಾರದ ಒಂದು ಅಕ್ಷರವನ್ನೂ ಯಾರೂ ಸೇರಿಸಿಲ್ಲ. ಆದರೂ ಅದು ಶುದ್ಧ ಸುಳ್ಳು. ಸಂಜೆಯೊಳಗೆ ಹೊಲಹೊಲಗಳಲ್ಲಿ ಆ ತುಣುಕು ಓಡಾಡಿದರೆ ಬೆಳೆ ಒಣಗುವ ಭಯದಲ್ಲಿರುವ ರೈತನ ಸಿಟ್ಟು ಎಲ್ಲಿಗೆ ಮುಟ್ಟೀತೆಂದು ಹೇಳಬೇಕಾಗಿಲ್ಲ. ಹಾಗೆಯೇ, ಅಳುವ ರೈತನ ತುಂಡಿನ ಹಿಂದೆ ಬೇರೆ ಯಾವುದೋ ಹೊತ್ತಿನಲ್ಲಿ ನಕ್ಕ ಅಧಿಕಾರಿಯ ಮುಖವನ್ನು ಜೋಡಿಸಿದರೆ, ನಗದವನೂ ಕ್ರೂರಿಯಾಗುತ್ತಾನೆ. ಗದ್ದಲವೊಂದರಲ್ಲಿ ಕಲ್ಲನ್ನು ಮೊದಲು ತೋರಿಸಿ ಲಾಠಿಯನ್ನು ಆಮೇಲೆ ತೋರಿಸಿದರೆ ಒಂದು ಕಥೆ. ಲಾಠಿ ಮೊದಲು, ಕಲ್ಲು ಆಮೇಲಾದರೆ ಇನ್ನೊಂದು ಕಥೆ. ಸಿನಿಮಾದಲ್ಲಿ ಇದೇ ವಿದ್ಯೆಗೆ ಕಲೆಯೆಂಬ ಹೆಸರು, ಏಕೆಂದರೆ ಅಲ್ಲಿ ಪ್ರೇಕ್ಷಕನು ಇದು ಕಟ್ಟುಕಥೆಯೆಂದು ಒಪ್ಪಿಯೇ ಟಿಕೆಟು ಕೊಂಡಿರುತ್ತಾನೆ. ನಿಜಸಂಗತಿಯ ಹೆಸರಿನಲ್ಲಿ ಬರುವ ತುಣುಕಿಗೆ ಅಂಥ ಒಪ್ಪಂದವಿಲ್ಲ.

ಇದಕ್ಕೆ ಮದ್ದು ಸಂದನ್ನು ಗುರುತಿಸುವ ಅಭ್ಯಾಸ. ಮಾತು ನಡುವೆ ನೆಗೆಯಿತೇ? ಹಿನ್ನೆಲೆಯ ಸದ್ದು ಫಕ್ಕನೆ ಬದಲಾಯಿತೇ? ಒಂದು ತುಂಡಿನಲ್ಲಿ ಎಡಕ್ಕೆ ಬಿದ್ದ ನೆರಳು ಇನ್ನೊಂದರಲ್ಲಿ ಬಲಕ್ಕಿದೆಯೇ? ನಗುತ್ತಿರುವವನೂ ಅಳುತ್ತಿರುವವನೂ ಒಂದೇ ಚೌಕಟ್ಟಿನಲ್ಲಿ ಎಲ್ಲಿಯಾದರೂ ಒಟ್ಟಿಗೆ ಕಾಣುತ್ತಾರೆಯೇ? ಈ ಮಾತಿಗೆ ಹಿಂದೆ ಏನಿತ್ತು, ಮುಂದೆ ಏನು ಬಂತು? ಇಷ್ಟು ಕೇಳಿಕೊಳ್ಳುವ ತಾಳ್ಮೆಯಿರುವವನನ್ನು ಕತ್ತರಿ ಸುಲಭವಾಗಿ ಮೋಸಗೊಳಿಸಲಾರದು. ಚಿತ್ರಕಥೆಯ ಸುಖಕ್ಕೂ ಈ ತಿಳಿವಳಿಕೆಯಿಂದ ಊನವಿಲ್ಲ. ಭಾಗವತನು ರಂಗದ ಮೇಲೆಯೇ ನಿಂತು ಕಥೆ ನಡೆಸುವುದನ್ನು ಕಂಡೂ ಪಾರಿಜಾತದ ಪ್ರೇಕ್ಷಕರು ಸತ್ಯಭಾಮೆಯ ದುಃಖಕ್ಕೆ ಮರುಗದೆ ಉಳಿದವರಲ್ಲ.

ಕತ್ತರಿ ಹಿಡಿದ ಹುಡುಗನಿಗೂ ಹೇಳಬೇಕಾದುದು ಇಷ್ಟೇ. ಏನನ್ನು ಬಿಟ್ಟರೆ ಕಥೆ ಚುರುಕಾಗುತ್ತದೆಯೋ ಅದನ್ನು ಧಾರಾಳವಾಗಿ ಬಿಡಬಹುದು; ಏನನ್ನು ಬಿಟ್ಟರೆ ನಿಜ ಬದಲಾಗುತ್ತದೆಯೋ ಅಲ್ಲಿ ಕೈ ತಡೆಯಬೇಕು. ಬಿತ್ತನೆಯ ಕಬ್ಬನ್ನು ಕಡಿಯುವ ಅವನ ಮನೆಯ ಹಿರಿಯರು ಕಣ್ಣು ನೋಡಿಯೇ ಕತ್ತಿ ಇಡುತ್ತಾರೆ.